ಚಿಪ್ ಗೆದ್ದರೆ ಷೇರೂ ಗೆಲ್ಲುತ್ತದೆಯೇ?

ಬಸವನಗುಡಿಯ ಮನೆಯೊಂದರಲ್ಲಿ ಭಾನುವಾರ ಬೆಳಗಿನ ಕಾಫಿಯ ಹೊತ್ತು. ಮಗಳು ಮೊದಲ ಪಿ.ಯು.ಸಿ. ಓದುತ್ತಿದ್ದಾಳೆ. ಎರಡು ವರ್ಷದಲ್ಲಿ ಎಂಜಿನಿಯರಿಂಗ್ ಸೇರಬೇಕು. ಅದರ ಶುಲ್ಕಕ್ಕೆಂದು ಬ್ಯಾಂಕಿನಲ್ಲಿಟ್ಟ ಠೇವಣಿ ಮುರಿಸಿ, ಚಿಪ್ ಕಂಪೆನಿಗಳ ಷೇರು ಕೊಳ್ಳುವ ಯೋಚನೆ ತಂದೆಯದು.

'ಮುಂದಿನ ಕಾಲವೆಲ್ಲ ಚಿಪ್‌ನದೇ ಕಣಮ್ಮ. ಫೋನು, ಕಾರು, ವಾಷಿಂಗ್ ಮೆಷಿನ್ನು, ಎಲ್ಲಕ್ಕೂ ಅದೇ ಬೇಕು.'

'ಉಪ್ಪೂ ಎಲ್ಲರಿಗೂ ಬೇಕಲ್ಲಪ್ಪ. ಉಪ್ಪು ಮಾಡೋರೆಲ್ಲ ಸಾಹುಕಾರರಾದರಾ?'

ಮಗಳ ಪ್ರಶ್ನೆ ಚಿಕ್ಕದಾದರೂ ವಿಷಯದ ಬೇರು ಅಲ್ಲಿಯೇ ಇದೆ. ವಸ್ತುವಿನ ಉಪಯೋಗ ಬೇರೆ, ಅದನ್ನು ತಯಾರಿಸುವ ಕಂಪೆನಿಯ ಲಾಭ ಬೇರೆ, ಷೇರು ಕೊಂಡವರ ಕೈಗೆ ಬರುವ ಲಾಭ ಇನ್ನೂ ಬೇರೆ.

ಮೊದಲು ನೋಡಬೇಕಾದದ್ದು, ಕಂಪೆನಿ ಮಾರುವುದು ಎಂಥ ಚಿಪ್ ಎಂಬುದನ್ನು. 1985ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಜ್ಯಾಕ್ ಕಿಲ್ಬಿ 1958ರಲ್ಲಿ ಸಂಯೋಜಿತ ಮಂಡಲವನ್ನು ರೂಪಿಸಿದ್ದು ಇದೇ ಕಂಪೆನಿಯಲ್ಲಿ. 2000ದಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ಇಷ್ಟು ಹಿರಿಮೆಯ ಕಂಪೆನಿಯೂ ತನ್ನ ಮೆಮೊರಿ ಚಿಪ್ ವ್ಯಾಪಾರವನ್ನು 1998ರಲ್ಲಿ ಮೈಕ್ರಾನ್‌ಗೆ ಮಾರಿಬಿಟ್ಟಿತು.

ಏಕೆ? ಒಬ್ಬರ ಮೆಮೊರಿ ಚಿಪ್‌ಗೂ ಇನ್ನೊಬ್ಬರದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚಿತ್ರದುರ್ಗದ ಈರುಳ್ಳಿ ಬೆಳೆಗಾರರಿಗೆ ಈ ಕಥೆ ಗೊತ್ತು. ಬೆಲೆ ಏರಿದ ವರ್ಷ ಎಲ್ಲರೂ ಬಿತ್ತುತ್ತಾರೆ, ಫಸಲು ಬರುವ ಹೊತ್ತಿಗೆ ಬೆಲೆ ಕುಸಿದಿರುತ್ತದೆ. ಜಪಾನಿನ ಎಲ್ಪಿಡಾ ಮೆಮೊರಿ ಕಂಪೆನಿ 2012ರಲ್ಲಿ ದಿವಾಳಿಯಾಯಿತು. ಅದನ್ನೂ ಕೊಂಡ ಮೈಕ್ರಾನ್ 2023ರ ಲೆಕ್ಕವರ್ಷದಲ್ಲಿ 580 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿ, ಮರುವರ್ಷ ಲಾಭಕ್ಕೆ ಮರಳಿತು. ಜಗತ್ತಿಗೆ ಮೆಮೊರಿ ಬೇಡವಾಗಿರಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ತಯಾರಾಗಿತ್ತು, ಅಷ್ಟೇ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಇಂದಿನ ಮುಖ್ಯ ವ್ಯಾಪಾರ ಅನಲಾಗ್ ಚಿಪ್‌ಗಳದು. ಶಬ್ದ, ಉಷ್ಣತೆ, ವಿದ್ಯುತ್ ಒತ್ತಡ ಮೊದಲಾದವುಗಳ ಸಂಕೇತಗಳನ್ನು ನಿಭಾಯಿಸುವ ಇಂಥ ಚಿಪ್ ಒಮ್ಮೆ ಕಾರಿನ ಅಥವಾ ಯಂತ್ರದ ವಿನ್ಯಾಸದೊಳಗೆ ಸೇರಿದರೆ, ಹಲವು ವರ್ಷ ಅದಕ್ಕೇ ಬೇಡಿಕೆ ಬರುತ್ತಿರುತ್ತದೆ.

ಎರಡನೆಯದು, ಓಟದಲ್ಲಿ ಉಳಿಯಲು ಆಗುವ ಖರ್ಚು. ಗುಜರಾತಿನ ಧೋಲೇರಾದಲ್ಲಿ 2024ರಲ್ಲಿ ಅಡಿಗಲ್ಲು ಹಾಕಿದ ಟಾಟಾ ಚಿಪ್ ಕಾರ್ಖಾನೆಯ ಅಂದಾಜು ವೆಚ್ಚ 91,000 ಕೋಟಿ ರೂಪಾಯಿ. ಯಂತ್ರ ಓಡಲಿ, ನಿಲ್ಲಲಿ, ಅದರ ಸವಕಳಿ ಮಾತ್ರ ನಿಲ್ಲುವುದಿಲ್ಲ. ಈ ಭಾರ ಬೇಡವೆಂದು ಎನ್ವಿಡಿಯಾ, ಕ್ವಾಲ್‌ಕಾಂ ಮೊದಲಾದ ಕಂಪೆನಿಗಳು ವಿನ್ಯಾಸವನ್ನಷ್ಟೇ ಮಾಡಿ, ತಯಾರಿಕೆಯನ್ನು ತೈವಾನಿನ ಟಿ.ಎಸ್.ಎಂ.ಸಿ.ಯಂಥವರಿಗೆ ಒಪ್ಪಿಸುತ್ತವೆ. ಆದ್ದರಿಂದ ವಾರ್ಷಿಕ ವರದಿಯಲ್ಲಿ ಲಾಭದ ಸಾಲನ್ನು ಮಾತ್ರ ನೋಡಿದರೆ ಸಾಲದು. ಬಂದ ಹಣದಲ್ಲಿ ಹೊಸ ಯಂತ್ರಗಳಿಗೆ ಹೋದದ್ದೆಷ್ಟು, ಕೊನೆಗೆ ಉಳಿದದ್ದೆಷ್ಟು ಎಂದು ಐದು ಹತ್ತು ವರ್ಷಗಳ ಲೆಕ್ಕ ನೋಡಬೇಕು.

ಮೂರನೆಯದು, ಕೊಳ್ಳುವ ಬೆಲೆ. 2000ದಲ್ಲಿ ಇಂಟೆಲ್‌ನ ಮಾರಾಟ ಸುಮಾರು 3,370 ಕೋಟಿ ಡಾಲರು. 2020ರಲ್ಲಿ ಅದು ಸುಮಾರು 7,790 ಕೋಟಿಗೆ ಏರಿತು, ಅಂದರೆ ದುಪ್ಪಟ್ಟಿಗಿಂತ ಹೆಚ್ಚು. ಆದರೂ 2000ದಲ್ಲಿ ಷೇರು ಮುಟ್ಟಿದ್ದ ಎತ್ತರವನ್ನು ಆ ಇಪ್ಪತ್ತು ವರ್ಷಗಳಲ್ಲಿ ಮತ್ತೆ ಮುಟ್ಟಲಿಲ್ಲ. ಮುಂದಿನ ಬೆಳವಣಿಗೆಯ ಬೆಲೆಯನ್ನು ಜನ ಮೊದಲೇ ತೆತ್ತುಬಿಟ್ಟಿದ್ದರು. ಸಾಲದ್ದಕ್ಕೆ, ಅತಿ ಸೂಕ್ಷ್ಮ ಚಿಪ್‌ಗಳ ತಯಾರಿಕೆಯಲ್ಲಿ ಟಿ.ಎಸ್.ಎಂ.ಸಿ. ಮುಂದೆ ಹೋಯಿತು. 2024ರಲ್ಲಿ ಇಂಟೆಲ್ ಲಾಭಾಂಶವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು.

ನಾಲ್ಕನೆಯದು, ಹೆಸರಿಗೆ ಮರುಳಾಗಬಾರದು. ಚಿಪ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮೇಲೆ ನಮ್ಮ ಪೇಟೆಯಲ್ಲಿ ಹಲವು ಷೇರುಗಳಿಗೆ ಚಿಪ್‌ನ ಹಣೆಪಟ್ಟಿ ಅಂಟಿತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1962ರಷ್ಟು ಹಿಂದೆಯೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಿತ್ತು. ಇಂದು ಅದರ ಆದಾಯದ ಬಹುಪಾಲು ಬರುವುದು ರಾಡಾರ್ ಮೊದಲಾದ ರಕ್ಷಣಾ ಸಾಧನಗಳಿಂದ. ಒಳ್ಳೆಯ ಸಂಸ್ಥೆಯೇ ಹೌದು. ಆದರೆ ಚಿಪ್ ಎಂದು ಅದರ ಷೇರು ಕೊಂಡವರು ಕೊಂಡದ್ದು ಬೇರೆಯದನ್ನು. ಯಾವ ವಿಭಾಗದಿಂದ ಎಷ್ಟು ಆದಾಯ ಬಂತು ಎಂಬ ಪಟ್ಟಿ ವಾರ್ಷಿಕ ವರದಿಯಲ್ಲಿಯೇ ಇರುತ್ತದೆ.

ಇಷ್ಟೆಲ್ಲ ನೋಡಿ ಆರಿಸಿದರೂ ಕಾಯುವ ಶಕ್ತಿ ಬೇಕು. ಬೆಲೆ ಇಳಿದ ವರ್ಷಗಳನ್ನು ದಾಟಿ ನಿಲ್ಲಬಲ್ಲ ಹಣಕ್ಕೆ ಮಾತ್ರ ಈ ವ್ಯಾಪಾರ. ಕಾಲೇಜಿನ ಶುಲ್ಕಕ್ಕೆ ಕೊನೆಯ ದಿನಾಂಕವೊಂದಿರುತ್ತದೆ. ಪೇಟೆ ಚೇತರಿಸಿಕೊಳ್ಳಲೆಂದು ಅದು ಕಾಯುವುದಿಲ್ಲ.

ಬಸವನಗುಡಿಯ ಆ ಮನೆಯಲ್ಲಿ ಠೇವಣಿ ಬ್ಯಾಂಕಿನಲ್ಲೇ ಉಳಿಯಿತು. ತಂದೆ ಎರಡು ಕಂಪೆನಿಗಳ ವಾರ್ಷಿಕ ವರದಿಗಳನ್ನು ತರಿಸಿಕೊಂಡಿದ್ದಾರೆ. ಅರೆವಾಹಕದ ಪಾಠ ಮಗಳು ಹೇಳಿಕೊಡುತ್ತಾಳೆ, ಸವಕಳಿಯ ಲೆಕ್ಕ ತಂದೆ ಹೇಳಿಕೊಡುತ್ತಾರೆ. ಷೇರು ಕೊಳ್ಳುವ ಮಾತು ಅದಾದ ಮೇಲೆ.