ಆ ವರ್ಷದ ಊಟ, ಈ ವರ್ಷದ ಶುಗರ್

ಕಳೆದ ತಿಂಗಳು ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂತು. ಮೂರು ತಿಂಗಳ ಸಕ್ಕರೆಯ ಲೆಕ್ಕ, ಅಂದ್ರೆ ಎಚ್‌ಬಿಎ1ಸಿ, 6.1. ಡಾಕ್ಟರು 'ಪ್ರೀಡಯಾಬಿಟಿಸ್' ಅಂದ್ರು. ನನಗಿನ್ನೂ 32. ನೋಡೋಕೆ ಸಣಕಲಿ ಬೇರೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. 'ನಿಮ್ಮಪ್ಪನ ಕಡೆಯಿಂದ ಬಂದಿದ್ದು ಬಿಡು' ಅಂತಾಳೆ ಅಂದ್ಕೊಂಡಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀನು ಹೊಟ್ಟೇಲಿದ್ದಾಗ ನಾನು ಸರಿಯಾಗಿ ಉಣ್ಣಲಿಲ್ಲ ಕಣೇ. ಹುಟ್ಟಿದಾಗ ಎರಡೂಕಾಲು ಕೆಜಿನೂ ಇರಲಿಲ್ಲ ನೀನು. ಅದಕ್ಕೇ ಹೀಗಾಯ್ತೇನೋ" ಅಂದಳು. ಫ್ಯಾಮಿಲಿ ಗ್ರೂಪಿಗೆ ಯಾರೋ ಕಳಿಸಿದ ವಿಡಿಯೊ ನೋಡಿದ್ದಾಳೆ. ಬಸುರಿ ತಿನ್ನೋದು ಮಗುವಿನ ಜೀನನ್ನೇ ಬದಲಿಸುತ್ತೆ ಅಂತ ಅದರಲ್ಲಿ ಹೇಳಿದ್ದಾರಂತೆ.

ರಿಪೋರ್ಟಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಅದರಲ್ಲಿ ಎಷ್ಟು ನಿಜ ಅಂತ ಓದಲು ಕೂತೆ.

ಜೀನ್ ಬದಲಾಗಲ್ಲ. ಬದಲಾಗೋದು ಅದರ ಬಳಕೆ. ನಮ್ಮ ಕಣ್ಣಿನ ಜೀವಕೋಶದಲ್ಲೂ ಲಿವರ್‌ನ ಜೀವಕೋಶದಲ್ಲೂ ಇರೋದು ಒಂದೇ ಡಿಎನ್‌ಎ. ಅಜ್ಜಿಯ ಅಡುಗೆ ಪುಸ್ತಕ ಅಂದ್ಕೊಳ್ಳಿ. ಮನೆಮನೆಗೂ ಒಂದೊಂದು ಪ್ರತಿ ಇದೆ, ಆದರೆ ಒಂದು ಮನೆಯಲ್ಲಿ ಸಾರಿನ ಪುಟಕ್ಕೆ ಪಿನ್ ಹೊಡೆದಿದ್ದಾರೆ, ಇನ್ನೊಂದು ಮನೆಯಲ್ಲಿ ಪಾಯಸದ ಪುಟಕ್ಕೆ. ಅಕ್ಷರ ಅಳಿಸಿಲ್ಲ, ಆದರೆ ಆ ಪುಟ ತೆರೆಯೋಕಾಗಲ್ಲ. ಜೀವಕೋಶದಲ್ಲಿ ಈ ಪಿನ್ ಕೆಲಸ ಮಾಡೋದರಲ್ಲಿ ಮುಖ್ಯವಾದದ್ದು ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು. ಇನ್ನೊಂದು ವಿಧಾನವೂ ಇದೆ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ನೂಲಿನಂತೆ ಸುತ್ತಿಕೊಂಡಿರುತ್ತೆ. ಬಿಗಿಯಾಗಿ ಸುತ್ತಿದ ಕಡೆ ಜೀನ್ ಮೌನ, ಸಡಿಲಾದ ಕಡೆ ಕೆಲಸ ಶುರು. ಈ ಆನ್-ಆಫ್ ವ್ಯವಸ್ಥೆಯ ಅಧ್ಯಯನವೇ ಎಪಿಜೆನೆಟಿಕ್ಸ್.

ಊಟಕ್ಕೂ ಇದಕ್ಕೂ ಏನು ಸಂಬಂಧ? 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಪಶ್ಚಿಮ ನೆದರ್ಲೆಂಡ್ಸ್‌ಗೆ ಆಹಾರ ಹೋಗದಂತೆ ತಡೆಯಿತು. ಜನರಿಗೆ ದಿನಕ್ಕೆ ಸಿಗುತ್ತಿದ್ದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ಬರದಲ್ಲಿ ಗರ್ಭದಲ್ಲಿ ಮೂಡಿದವರನ್ನು ಸುಮಾರು 60 ವರ್ಷದ ನಂತರ ಅವರ ಸ್ವಂತ ಒಡಹುಟ್ಟಿದವರ ಜೊತೆ ಹೋಲಿಸಿದರು. ಬೆಳವಣಿಗೆಗೆ ಬೇಕಾದ ಐಜಿಎಫ್2 ಅನ್ನೋ ಜೀನ್ ಮೇಲೆ ಮೀಥೈಲ್ ಗುರುತು ಸ್ವಲ್ಪ ಕಡಿಮೆ ಇತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ದೊಡ್ಡ ಸುದ್ದಿಯಾಯಿತು. ಆದರೆ ವ್ಯತ್ಯಾಸ ಸಣ್ಣದು. 'ಇದರಿಂದಲೇ ಇಂಥವರಿಗೆ ಇಂಥ ಕಾಯಿಲೆ' ಅಂತ ಅದು ಹೇಳಲಿಲ್ಲ.

ನಮ್ಮ ಮೈಸೂರಿನದ್ದೂ ಒಂದು ಕಥೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು, ದೊಡ್ಡವರಾಗಿದ್ದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಬಂದ ವರದಿ ಪ್ರಕಾರ, ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ 3 ಮಂದಿಗೆ. ಡಯಾಬಿಟಿಸ್ ವಿಷಯದಲ್ಲಿ ಮಾತ್ರ ಅದೇ ದಾಖಲೆ ಬೇರೆಯದೇ ಹೇಳಿತು: ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ ಅದು ಹೆಚ್ಚು. ಈ ಅಧ್ಯಯನಗಳಲ್ಲಿ ಯಾರೂ ಮೀಥೈಲ್ ಗುರುತು ನೋಡಿರಲಿಲ್ಲ. ಅಂದ್ರೆ ಅಮ್ಮ ಕಡಿಮೆ ಉಂಡಳು, ಅದಕ್ಕೇ ಮಗಳಿಗೆ ಶುಗರ್ ಅನ್ನೋ ನೇರ ಗೆರೆ ಎಳೆಯೋಕಾಗಲ್ಲ.

ಈ ಗುರುತುಗಳು ಶಿಲಾಶಾಸನವೂ ಅಲ್ಲ. ಮೈಲೋಡಿಸ್‌ಪ್ಲಾಸಿಯಾ ಅನ್ನೋ ರಕ್ತದ ಕಾಯಿಲೆಗೆ ಕೊಡುವ ಅಜಾಸಿಟಿಡಿನ್ ಔಷಧ ಮೀಥೈಲ್ ಗುರುತು ಬೀಳದಂತೆ ತಡೆಯುತ್ತೆ. ಅಮೆರಿಕದಲ್ಲಿ ಅದಕ್ಕೆ 2004ರಲ್ಲೇ ಒಪ್ಪಿಗೆ ಸಿಕ್ಕಿದೆ. ನನ್ನಂಥವರಿಗೆ ಔಷಧ ಇನ್ನೂ ಸರಳ. ಡಯಾಬಿಟಿಸ್ ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ಚೆನ್ನೈನ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏನೂ ಬದಲಿಸದವರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ, ಊಟ ಸರಿಮಾಡಿಕೊಂಡವರಲ್ಲಿ 39 ಮಂದಿಗೆ. ಪೂರ್ತಿ ತಪ್ಪಲಿಲ್ಲ, ಆದರೆ 16 ಜನ ಉಳಿದುಕೊಂಡರು. ಅವರಲ್ಲಿ ನಾನೂ ಒಬ್ಬಳಾಗಬಾರದೇಕೆ?

ಇಷ್ಟೆಲ್ಲ ಓದಿ ಭಾನುವಾರ ಮತ್ತೆ ಫೋನ್ ಮಾಡಿದೆ. ನೆದರ್ಲೆಂಡ್ಸ್ ಕಥೆ ಹೇಳಿ, "ಆ ತಾಯಂದಿರದ್ದೇನು ತಪ್ಪು ಹೇಳು?" ಅಂದೆ. "ಪಾಪ, ಅವರೇನು ಮಾಡ್ತಾರೆ" ಅಂದಳು. "ಮತ್ತೆ ನೀನು ಯಾಕೆ ಉಣ್ಣಲಿಲ್ಲ?" ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಅನ್ಸುತ್ತೆ. ಆ ವರ್ಷ ಮಳೆ ಇರಲಿಲ್ಲವಂತೆ. ತುಂಬಿದ ಮನೆ. ಗಂಡಸರು, ಮಕ್ಕಳು, ಅತ್ತೆ ಎಲ್ಲ ಉಂಡ ಮೇಲೆ ಪಾತ್ರೆಯಲ್ಲಿ ಉಳಿದಿದ್ದೇ ಸೊಸೆಯ ಪಾಲು.

ಸಂಶೋಧನೆ ಹೇಳಿದ್ದು ಬಸುರಿಗೆ ಹೊಟ್ಟೆ ತುಂಬ ಒಳ್ಳೆ ಊಟ ಬೇಕು ಅಂತ. ನಾವು ಅದನ್ನು ತಾಯಿಯ ತಪ್ಪು ಅಂತ ಓದಿಕೊಂಡ್ವಿ. ಆ ತಟ್ಟೆ ಖಾಲಿ ಇದ್ದಿದ್ದಕ್ಕೆ ಇಡೀ ಮನೆ ಜವಾಬ್ದಾರಿ.

ಅತ್ತಿಗೆಗೆ ಈಗ ಐದು ತಿಂಗಳು. "ಎಲ್ಲರಿಗಿಂತ ಮೊದಲು ಅವಳಿಗೆ ಬಡಿಸಮ್ಮಾ" ಅಂದೆ.

"ಬಡಿಸ್ತಿದ್ದೀನಿ ಕಣೇ. ಅವಳ ಜೊತೆ ನಾನೂ ಕೂತ್ಕೋತೀನಿ" ಅಂದಳು. "ನೀನು ವಾಕಿಂಗ್ ಹೋದ್ಯಾ ಇವತ್ತು?"