ಮೀಟರ್ ಯಾವ ಕಂಪನಿಯದಾದರೂ ಭಾಷೆ ಒಂದೇ ಇರಲಿ

ದೇಶದ ವಿದ್ಯುತ್ ಜಾಲದ ಇತಿಹಾಸದಲ್ಲಿ ರಾಯಚೂರಿಗೆ ವಿಶೇಷ ಸ್ಥಾನವಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡಾಗ, ಅದುವರೆಗೆ ಪ್ರತ್ಯೇಕವಾಗಿಯೇ ಉಳಿದಿದ್ದ ದಕ್ಷಿಣದ ಗ್ರಿಡ್ ರಾಷ್ಟ್ರೀಯ ಗ್ರಿಡ್‌ನೊಂದಿಗೆ ಒಂದಾಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ವಿದ್ಯುತ್ತಿನ ಆವರ್ತನ ಒಂದೇ. ಅದಕ್ಕೂ ಮೊದಲು ಉಭಯ ಗ್ರಿಡ್‌ಗಳ ನಡುವೆ ವಿದ್ಯುತ್ ಸಾಗಿಸಬೇಕಾದರೆ ಏಕಮುಖ ವಿದ್ಯುತ್ತಿನ ವಿಶೇಷ ಕೊಂಡಿಗಳನ್ನೇ ಅವಲಂಬಿಸಬೇಕಾಗಿತ್ತು.

ಶಕ್ತಿನಗರದ 1,720 ಮೆಗಾವಾಟ್ ಹಾಗೂ ಯರಮರಸ್‌ನ 1,600 ಮೆಗಾವಾಟ್ ಶಾಖೋತ್ಪನ್ನ ಸ್ಥಾವರಗಳು ಇದೇ ಜಿಲ್ಲೆಯಲ್ಲಿವೆ. ಸಾವಿರಾರು ಕಿಲೋಮೀಟರ್ ದೂರದ ಸ್ಥಾವರದೊಂದಿಗೆ ಅವು ಹೆಜ್ಜೆ ಹಾಕಿ ನಡೆಯಬಲ್ಲವು. ಏಕೆಂದರೆ ದೇಶ ಒಂದು ನಿಯಮಕ್ಕೆ ಬದ್ಧವಾಗಿದೆ. ಆದರೆ ಅದೇ ವಿದ್ಯುತ್ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಂಥ ಊರಿನ ಮನೆಗೆ ತಲುಪುವ ಹೊತ್ತಿಗೆ ಈ ಏಕತೆ ಉಳಿದಿರುತ್ತದೆ ಎಂಬ ಖಾತ್ರಿಯಿಲ್ಲ. ಮನೆಯ ಮೀಟರ್, ಟಿ.ಸಿ.ಯ ಮೀಟರ್ ಮತ್ತು ಫೀಡರಿನ ಮೀಟರ್ ಮೂರು ಬೇರೆ ಕಂಪನಿಗಳದ್ದಾಗಿದ್ದು, ಮೂರೂ ಮೂರು ತೆರನಾದ ಭಾಷೆಯಲ್ಲಿ ಮಾತನಾಡಿದರೆ, ಎಲ್ಲಿ ಎಷ್ಟು ವಿದ್ಯುತ್ ಸೋರಿತು ಎಂಬುದನ್ನು ಯಾವ ಕಂಪ್ಯೂಟರೂ ಹೇಳಲಾರದು. ‘ಸ್ಮಾರ್ಟ್ ಗ್ರಿಡ್’ ಎಂಬ ಹೆಸರಿನಡಿ ದೇಶದಾದ್ಯಂತ ಮೀಟರ್ ಬದಲಾವಣೆಯ ಬೃಹತ್ ಕಾರ್ಯ ಸಾಗಿರುವ ಈ ಸಂದರ್ಭದಲ್ಲಿ, ಉಪಕರಣಗಳ ಪರಸ್ಪರ ಹೊಂದಾಣಿಕೆಯ ಮಾನದಂಡ ಎಂಬ ನೀರಸ ವಿಷಯ ಗ್ರಾಹಕನ ಜೇಬಿಗೇ ಸಂಬಂಧಿಸಿದ್ದಾಗಿದೆ.

ಸಮಸ್ಯೆಯ ಮೂಲ

ಈ ತೊಡಕು ಮೊದಲು ದೊಡ್ಡ ಪ್ರಮಾಣದಲ್ಲಿ ಎದುರಾದದ್ದು 2008ರಲ್ಲಿ ಆರಂಭವಾದ ಕೇಂದ್ರದ ಪರಿಷ್ಕೃತ ವೇಗವರ್ಧಿತ ವಿದ್ಯುತ್ ಸುಧಾರಣಾ ಯೋಜನೆಯ ಕಾಲದಲ್ಲಿ. 30 ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳ ಲೆಕ್ಕವನ್ನು ಗಣಕೀಕರಿಸುವುದು ಅದರ ಉದ್ದೇಶವಾಗಿತ್ತು. ಆದರೆ ಫೀಡರುಗಳಲ್ಲಿ ಅದಾಗಲೇ ಇದ್ದ ಎಲೆಕ್ಟ್ರಾನಿಕ್ ಮೀಟರುಗಳು ತಂತಮ್ಮ ತಯಾರಕರ ಖಾಸಗಿ ಸಂಕೇತಗಳಲ್ಲಿ ಮಾತ್ರ ಅಂಕಿ ಕೊಡುತ್ತಿದ್ದವು. ಪ್ರತಿ ಕಂಪನಿಯ ಮೀಟರ್ ಓದಲು ಆ ಕಂಪನಿಯದೇ ತಂತ್ರಾಂಶ ಬೇಕಾಗುತ್ತಿತ್ತು. ಅಂಕಿ ವಿದ್ಯುತ್ ಕಂಪನಿಯದು, ಅದನ್ನು ಓದುವ ಅಧಿಕಾರ ಮಾತ್ರ ಮೀಟರ್ ಮಾರಿದವನದು ಎಂಬ ವಿಚಿತ್ರ ಸ್ಥಿತಿ ಅದು.

ಇದಕ್ಕೆ ಉತ್ತರವಾಗಿ ಭಾರತೀಯ ಮಾನಕ ಬ್ಯೂರೋ 2011ರಲ್ಲಿ ಐಎಸ್ 15959 ಎಂಬ ಮಾನದಂಡ ರೂಪಿಸಿತು. ಡಿಎಲ್‌ಎಂಎಸ್ ಎಂಬ ಅಂತರರಾಷ್ಟ್ರೀಯ ಸಂವಹನ ಪದ್ಧತಿಯನ್ನು ಭಾರತದ ಅಗತ್ಯಕ್ಕೆ ಒಗ್ಗಿಸಿದ ನಿಯಮಾವಳಿ ಇದು. ಇದರಂತೆ ಮೀಟರಿನೊಳಗಿನ ಪ್ರತಿಯೊಂದು ಅಳತೆಗೂ ನಿಶ್ಚಿತ ಸಂಖ್ಯೆಯ ವಿಳಾಸವಿರುತ್ತದೆ. ಉದಾಹರಣೆಗೆ, ಒಟ್ಟು ಬಳಕೆಯ ಯೂನಿಟ್ ತಿಳಿಯಬೇಕಾದರೆ 1.0.1.8.0.255 ಎಂಬ ವಿಳಾಸವನ್ನು ಕೇಳಬೇಕು. ಮೀಟರ್ ಯಾರು ತಯಾರಿಸಿದ್ದರೂ ಉತ್ತರ ಅಲ್ಲಿಂದಲೇ ಬರಬೇಕು. 2015ರಲ್ಲಿ ಸ್ಮಾರ್ಟ್ ಮೀಟರುಗಳಿಗೆಂದೇ ಐಎಸ್ 16444 ಬಂದಿತು. ಮರುವರ್ಷ ಐಎಸ್ 15959ರ ಎರಡನೆಯ ಭಾಗ ಅದರ ಜೊತೆಗೂಡಿತು. ಮೀಟರುಗಳು ಈ ಭಾಷೆಯನ್ನು ಸರಿಯಾಗಿ ಆಡುತ್ತವೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯ ನಮ್ಮ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿದೆ ಎಂಬುದು ಗಮನಾರ್ಹ.

ಉಳಿದಿರುವ ಮೂರು ಬೀಗಗಳು

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಪೂರ್ಣವಾಗಿ ಅಲ್ಲ. ಭಾಷೆ ಒಂದಾದರೂ ಗ್ರಾಹಕ ಸೇವಾ ಕಂಪನಿಯನ್ನು ಒಬ್ಬನೇ ಮಾರಾಟಗಾರನಿಗೆ ಕಟ್ಟಿಹಾಕಬಲ್ಲ ಮೂರು ಬೀಗಗಳು ಉಳಿದುಕೊಂಡಿವೆ.

ಮೊದಲನೆಯದು ಸಂಪರ್ಕ ಸಾಧನ. ಮೀಟರಿನ ಅಂಕಿ ಮೊಬೈಲ್ ಜಾಲದ ಮೂಲಕ ಹೋಗಬಹುದು. ಅಥವಾ ಮೀಟರಿನಿಂದ ಮೀಟರಿಗೆ ರೇಡಿಯೋ ಅಲೆಯ ಮೂಲಕ ಜಿಗಿಯುತ್ತ ಕೇಂದ್ರ ತಲುಪಬಹುದು. ಆಯ್ಕೆಯನ್ನು ಮಾನದಂಡ ಮುಕ್ತವಾಗಿಟ್ಟಿದೆ. ಊರು, ಕಾಡು, ಗುಡ್ಡಗಳಿಗೆ ಬೇರೆಬೇರೆ ತಂತ್ರ ಬೇಕಾಗುವುದರಿಂದ ಇದು ಸರಿಯೇ. ಆದರೆ ಒಂದು ಕಂಪನಿಯ ರೇಡಿಯೋ ಜಾಲದೊಳಗೆ ಇನ್ನೊಂದು ಕಂಪನಿಯ ಮೀಟರ್ ಸೇರಲು ಆಗದಿದ್ದರೆ, ಒಂದು ಬೀದಿಗೆ ಮೊದಲು ಬಂದವನೇ ಆ ಬೀದಿಯ ಒಡೆಯನಾಗುತ್ತಾನೆ.

ಎರಡನೆಯದು ಗೂಢಲಿಪಿಯ ಕೀಲಿ. ಸ್ಮಾರ್ಟ್ ಮೀಟರ್ ದೂರದಿಂದಲೇ ಸಂಪರ್ಕ ಕಡಿತಗೊಳಿಸಬಲ್ಲದಾದ್ದರಿಂದ ಅದಕ್ಕೆ ರಹಸ್ಯ ಕೀಲಿಗಳ ರಕ್ಷಣೆ ಅನಿವಾರ್ಯ. ಈ ಕೀಲಿಗಳು ಗುತ್ತಿಗೆದಾರನ ಬಳಿಯೇ ಉಳಿದರೆ, ಮೀಟರ್ ಎಷ್ಟೇ ಮಾನದಂಡಬದ್ಧವಾಗಿದ್ದರೂ ಬೇರೆಯವರ ಪಾಲಿಗೆ ಅದು ಮೂಕ ಪೆಟ್ಟಿಗೆ. ಮೂರನೆಯದು ತಂತ್ರಾಂಶಗಳ ಕೊಂಡಿ. ಮೀಟರುಗಳಿಂದ ಅಂಕಿ ಸಂಗ್ರಹಿಸುವ ‘ಹೆಡ್ ಎಂಡ್’ ವ್ಯವಸ್ಥೆಗೂ ಬಿಲ್ ತಯಾರಿಸುವ ವ್ಯವಸ್ಥೆಗೂ ನಡುವಣ ಮಾತುಕತೆ ಐಇಸಿ 61968ರಂಥ ಅಂತರರಾಷ್ಟ್ರೀಯ ಮಾದರಿಯಲ್ಲಿ ನಡೆಯದಿದ್ದಲ್ಲಿ, ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸದಾಗಿ ಸೇತುವೆ ಕಟ್ಟಬೇಕಾಗುತ್ತದೆ.

ಇದು ಕೇವಲ ಊಹೆಯ ಭಯವಲ್ಲ. ಬ್ರಿಟನ್ನಿನಲ್ಲಿ ಮೊದಲ ಪೀಳಿಗೆಯ ಸ್ಮಾರ್ಟ್ ಮೀಟರುಗಳನ್ನು ಅಳವಡಿಸಿಕೊಂಡ ಅನೇಕ ಗ್ರಾಹಕರು ಅಗ್ಗದ ದರ ಅರಸಿ ಬೇರೆ ಕಂಪನಿಗೆ ಬದಲಾದಾಗ, ಆ ಮೀಟರುಗಳು ತಮ್ಮ ಜಾಣತನ ಕಳೆದುಕೊಂಡು ಸಾಮಾನ್ಯ ಮೀಟರುಗಳಾದವು. ಅವುಗಳನ್ನು ಸಾಮಾನ್ಯ ಸಂಪರ್ಕ ಜಾಲಕ್ಕೆ ಸೇರಿಸುವ ಕೆಲಸ 2019ರಿಂದ ನಡೆಸಬೇಕಾಯಿತು. ಮೀಟರ್ ಮೊದಲು, ಹೊಂದಾಣಿಕೆ ಆಮೇಲೆ ಎಂಬ ಅವಸರಕ್ಕೆ ತೆತ್ತ ಬೆಲೆ ಅದು. ಅಮೆರಿಕ 2007ರ ಕಾನೂನಿನಲ್ಲೇ ಹೊಂದಾಣಿಕೆಯ ಚೌಕಟ್ಟು ರೂಪಿಸುವ ಹೊಣೆಯನ್ನು ತನ್ನ ರಾಷ್ಟ್ರೀಯ ಮಾನದಂಡ ಸಂಸ್ಥೆಗೆ ಒಪ್ಪಿಸಿದ್ದು ಇಂಥ ಅಪಾಯ ಅರಿತೇ.

ಕಲ್ಯಾಣ ಕರ್ನಾಟಕದ ಲೆಕ್ಕ

ಏಳು ಜಿಲ್ಲೆಗಳ ಹೊಣೆ ಹೊತ್ತಿರುವ ಜೆಸ್ಕಾಂಗೆ ಈ ಪ್ರಶ್ನೆ ಬೆಂಗಳೂರಿಗಿಂತಲೂ ಹೆಚ್ಚು ಗಂಭೀರವಾದುದು. ಮಾನ್ವಿ, ರಾಯಚೂರು ತಾಲ್ಲೂಕುಗಳು ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದವು. ನಾಲೆಯ ನೀರು ಇಲ್ಲಿಗೆ ತಲುಪುವುದೇ ಪ್ರಯಾಸ. ಹೀಗಾಗಿ ಪಂಪ್‌ಸೆಟ್ ಮತ್ತು ಮೂರು ಫೇಸ್ ವಿದ್ಯುತ್ತಿನ ಮೇಲೆ ಬೆಳೆಯ ಹಣೆಬರಹ ನಿಂತಿರುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಅದರ ಸಹಾಯಧನವನ್ನು ಸರ್ಕಾರ ಭರಿಸುತ್ತದೆ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರಿಲ್ಲದ ಕಾರಣ ಬಳಕೆಯನ್ನು ಫೀಡರ್ ಅಥವಾ ಟಿ.ಸಿ. ಮೀಟರಿನ ಅಂಕಿಯಿಂದ ಅಂದಾಜಿಸಬೇಕು.

ಫೀಡರ್ ಮೀಟರಿನ ಅಂಕಿ ಮತ್ತು ಅದರ ಕೆಳಗಿನ ಟಿ.ಸಿ.ಗಳ ಅಂಕಿ ಒಂದೇ ವೇಳೆಗೆ, ಒಂದೇ ರೂಪದಲ್ಲಿ ಕೈಸೇರಿದರೆ ಮಾತ್ರ ರೈತ ಬಳಸಿದ್ದೆಷ್ಟು, ತಂತಿಯಲ್ಲಿ ಸೋರಿದ್ದೆಷ್ಟು, ಕಳವಾದದ್ದೆಷ್ಟು ಎಂಬುದು ತಿಳಿಯುತ್ತದೆ. ಇಲ್ಲವಾದರೆ ಎಲ್ಲ ನಷ್ಟವೂ ‘ರೈತರ ಬಳಕೆ’ಯ ಲೆಕ್ಕಕ್ಕೆ ಸೇರಿಬಿಡುವ ಸಂಭವವಿದೆ. ರೈತನಿಗೆ ಅಪಕೀರ್ತಿ, ಬೊಕ್ಕಸಕ್ಕೆ ಹೊರೆ. ಮಾನ್ವಿಯ ಅಕ್ಕಿ ಗಿರಣಿಯಿಂದ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯವರೆಗೆ ಪೂರ್ಣ ದರ ತೆರುವವರಿಗೂ ಇದರ ಬಿಸಿ ತಟ್ಟದಿರದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಂತರ ಮನೆಬಳಕೆಯ ಲೆಕ್ಕವೂ ಸಹಾಯಧನಕ್ಕೆ ನೇರವಾಗಿ ತಳಕು ಹಾಕಿಕೊಂಡಿದೆ.

ಚರ್ಚೆಯಾಗದ ಪ್ರಶ್ನೆ

ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2024ರಲ್ಲಿ ಸ್ಮಾರ್ಟ್ ಮೀಟರ್ ಕುರಿತು ನಿಯಮಾವಳಿ ಹೊರಡಿಸಿತು. 2025ರ ಫೆಬ್ರುವರಿಯಲ್ಲಿ ಬೆಸ್ಕಾಂ ಹೊಸ ಕಾಯಂ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯಗೊಳಿಸಿದಾಗ ಭಾರೀ ವಿವಾದವೆದ್ದಿತು. ಸಿಂಗಲ್ ಫೇಸ್ ಮೀಟರಿಗೆ ಸುಮಾರು 5 ಸಾವಿರ ರೂಪಾಯಿ ಏಕೆ, ಟೆಂಡರ್ ಪ್ರಕ್ರಿಯೆ ಸರಿಯಿತ್ತೇ ಎಂಬ ಪ್ರಶ್ನೆಗಳು ವಿಧಾನಮಂಡಲದಲ್ಲೂ ನ್ಯಾಯಾಲಯದಲ್ಲೂ ಪ್ರತಿಧ್ವನಿಸಿದವು. ಇವೆಲ್ಲ ನ್ಯಾಯಯುತ ಪ್ರಶ್ನೆಗಳೇ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಹಿಂದೆ ಸರಿಯಿತು: ಇಂದು ಕೊಂಡ ಮೀಟರನ್ನು ಹತ್ತು ವರ್ಷಗಳ ನಂತರ ಬೇರೊಬ್ಬರು ಓದಬಲ್ಲರೇ? ಮೀಟರಿನ ನಿಜವಾದ ಬೆಲೆ ಖರೀದಿಯ ದಿನ ಗೊತ್ತಾಗುವುದಿಲ್ಲ. ಪರ್ಯಾಯವಿಲ್ಲದ ಗಿರಾಕಿಯಾಗಿ ನಿರ್ವಹಣಾ ಗುತ್ತಿಗೆಯನ್ನು ನವೀಕರಿಸುವ ದಿನ ಅದು ಗೊತ್ತಾಗುತ್ತದೆ.

ಪರಿಹಾರ ಅಸಾಧ್ಯವಾದುದೇನಲ್ಲ. ಕೀಲಿಗಳು ಮೊದಲ ದಿನದಿಂದಲೇ ವಿದ್ಯುತ್ ಸರಬರಾಜು ಕಂಪನಿಯ ಸ್ವಾಧೀನದಲ್ಲಿರಬೇಕು. ಒಂದೇ ಹೆಡ್ ಎಂಡ್‌ನಲ್ಲಿ ಕನಿಷ್ಠ ಎರಡು ಮೂರು ತಯಾರಕರ ಮೀಟರುಗಳು ಕೆಲಸ ಮಾಡುವುದನ್ನು ಟೆಂಡರಿಗೆ ಮುನ್ನವೇ ತೋರಿಸಬೇಕು. ಈ ಪರೀಕ್ಷೆ ನಡೆಸಲು ಸಮರ್ಥ ಸಂಸ್ಥೆ ರಾಜಧಾನಿಯಲ್ಲೇ ಇದೆ. ಗುತ್ತಿಗೆ ಮುಗಿದಾಗ ಅಂಕಿಅಂಶ ಮತ್ತು ತಂತ್ರಾಂಶದ ಹಸ್ತಾಂತರ ಹೇಗೆ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಈ ಷರತ್ತುಗಳನ್ನು ನಿಯಂತ್ರಣ ಆಯೋಗ ಎಲ್ಲ ಎಸ್ಕಾಂಗಳಿಗೂ ಏಕರೂಪವಾಗಿ ವಿಧಿಸಬೇಕು. ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗಳಲ್ಲಿ ಗ್ರಾಹಕ ಸಂಘಟನೆಗಳು, ರೈತ ಸಂಘಗಳು ದರದ ಜೊತೆಗೆ ಈ ವಿಷಯವನ್ನೂ ಎತ್ತಬೇಕಾಗಿದೆ.

ಹಳ್ಳಿಗಳ ಮೀಟರುಗಳೆಲ್ಲ ಬದಲಾದ ಮೇಲೆ ಇದನ್ನು ಸರಿಪಡಿಸುವುದೆಂದರೆ ಪ್ರತಿ ಮನೆಯ ಬಾಗಿಲಿಗೂ ಮತ್ತೊಮ್ಮೆ ಹೋಗುವುದೆಂದೇ ಅರ್ಥ. ಆ ಖರ್ಚನ್ನು ಕಟ್ಟುವವರು ಬಿಲ್ಲುದಾರರೇ. ಟೆಂಡರಿನಲ್ಲಿ ಇಂದು ನಾಲ್ಕು ಷರತ್ತು ಸೇರಿಸಲು ಮಾತ್ರ ಯಾವ ಖರ್ಚೂ ಇಲ್ಲ.