ಚಕ್ರದ ಮೇಲಿನ ಸಂಸಾರಕ್ಕೂ ಒಂದು ವಿಳಾಸ ಬೇಕು

ಫೋನಿನಲ್ಲಿ ನೀವೂ ನೋಡಿರುತ್ತೀರಿ. ಅಮೆರಿಕದ ಗಂಡ ಹೆಂಡತಿ ಮನೆ ಮಾರಿ ದೊಡ್ಡದೊಂದು ವಾಹನ ಕೊಳ್ಳುತ್ತಾರೆ. ಮಕ್ಕಳು, ನಾಯಿ ಸಮೇತ ಅದರಲ್ಲೇ ಸಂಸಾರ ಹೂಡುತ್ತಾರೆ. ಒಳಗೇ ಅಡುಗೆಮನೆ, ಮಂಚ, ಕಕ್ಕಸು. ಇಂಥ ವಾಹನಕ್ಕೆ ಅಲ್ಲಿ ಆರ್‌ವಿ ಅನ್ನುತ್ತಾರೆ. ವಿಡಿಯೋದ ಕೊನೆಗೆ ಈ ಬದುಕಿಗೆ ಬೇಕೇ ಬೇಕಾದ ಸಾಮಾನಿನ ಪಟ್ಟಿ ಬರುತ್ತದೆ: ಮಡಚುವ ಬಕೆಟ್, ಮಡಚುವ ಕುರ್ಚಿ, ಸೋಲಾರ್ ಪ್ಲೇಟು, ಒಂದರೊಳಗೊಂದು ಕೂರುವ ಪಾತ್ರೆ. ಪಾತ್ರೆಯನ್ನು ಒಂದರೊಳಗೊಂದು ಕೂರಿಸುವುದನ್ನು ನಮ್ಮ ಕುರಿಗಾಹಿ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಬಿಡಿ.

ಈ ಪಟ್ಟಿ ನೋಡಿ ಮರುಳಾಗಬೇಡಿ ಅನ್ನುವುದು ನನ್ನ ಮೊದಲ ಮಾತು. ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ವರ್ಷವಿಡೀ ಅಲೆಯುವ ಸಂಸಾರ ನಿಲ್ಲುವುದು ಅಂಗಡಿಯಲ್ಲಿ ಸಿಗದ ನಾಲ್ಕೈದು ವಸ್ತುಗಳ ಮೇಲೆ.

ನೀರಿನಿಂದ ಶುರು ಮಾಡೋಣ. ಆರ್‌ವಿಯಲ್ಲಿ ಮೂರು ಟ್ಯಾಂಕು ಇರುತ್ತವೆ. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು, ಮೂರನೆಯದರಲ್ಲಿ ಕಕ್ಕಸಿನದು. ದೊಡ್ಡ ವಾಹನದ ಒಳ್ಳೆಯ ನೀರಿನ ಟ್ಯಾಂಕು ಅಂದರೆ 100 ಗ್ಯಾಲನ್, ಸುಮಾರು 380 ಲೀಟರ್. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಕೊಡ. ನಾಲ್ಕು ಮಂದಿಗೆ ಅದು ಎಷ್ಟು ದಿನ ಬಂದೀತು? ಹಾಗಾಗಿ ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ತಿರುಗಿಸುವುದನ್ನು ಅಲ್ಲಿ ಮಕ್ಕಳೂ ಕಲಿಯುತ್ತಾರೆ. ಕಕ್ಕಸಿನ ಟ್ಯಾಂಕು ತುಂಬಿದರೆ ಹಳ್ಳಕ್ಕೆ ಬಿಡುವಂತಿಲ್ಲ. ಅದನ್ನು ಖಾಲಿ ಮಾಡಲೆಂದೇ ಹೆದ್ದಾರಿ ಪಕ್ಕದಲ್ಲಿ, ತಂಗುವ ಮೈದಾನಗಳಲ್ಲಿ ಜಾಗ ಕಟ್ಟಿದ್ದಾರೆ. ಪೈಪು ಜೋಡಿಸಿ, ಮೊದಲು ಕಕ್ಕಸಿನದು, ಆಮೇಲೆ ಬಚ್ಚಲಿನದು ಬಿಡುವುದು ಕ್ರಮ. ಪೈಪು ತನ್ನಷ್ಟಕ್ಕೆ ತೊಳೆದುಹೋಗಲಿ ಅಂತ.

ವಿಡಿಯೋದಲ್ಲಿ ಈ ಕೆಲಸ ಅಷ್ಟಾಗಿ ತೋರಿಸುವುದಿಲ್ಲ. ಆದರೆ ಇಡೀ ಬದುಕು ನಿಂತಿರುವುದು ಇದರ ಮೇಲೆ. ಆ ಜಾಗ ಕಟ್ಟಿದ್ದು ಆರ್‌ವಿ ಕೊಂಡವರಲ್ಲ, ಬೇರೆ ಯಾರೋ.

ಎರಡನೆಯದು ವಿಳಾಸ. ಮನೆಯೇ ಇಲ್ಲದವರಿಗೆ ಲೈಸೆನ್ಸ್, ವಿಮೆ, ಬ್ಯಾಂಕಿನ ಕಾಗದ ಎಲ್ಲಿಗೆ ಬರಬೇಕು? ಇದಕ್ಕಾಗಿ ಅನೇಕರು ಫ್ಲಾರಿಡಾ, ಟೆಕ್ಸಸ್, ಸೌತ್ ಡಕೋಟಾ ರಾಜ್ಯಗಳನ್ನು ಆರಿಸಿಕೊಳ್ಳುತ್ತಾರೆ. ಸೌತ್ ಡಕೋಟಾದಲ್ಲಿ ಒಂದು ರಾತ್ರಿ ತಂಗಿದ ರಸೀದಿ, ಅಂಚೆ ಸ್ವೀಕರಿಸುವ ಸಂಸ್ಥೆಯ ವಿಳಾಸ, ಒಂದು ಪ್ರಮಾಣಪತ್ರ ಕೊಟ್ಟು ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳುವ ವ್ಯವಸ್ಥೆ ಬೆಳೆದುಬಂತು. ಕಾಗದ ಆ ಸಂಸ್ಥೆಗೆ ಬರುತ್ತದೆ, ಅವರು ಈ ಸಂಸಾರ ಎಲ್ಲಿದೆಯೋ ಅಲ್ಲಿಗೆ ಕಳಿಸುತ್ತಾರೆ. ಆದರೆ 2023ರಲ್ಲಿ ಅದೇ ರಾಜ್ಯ ಮತದಾರರ ಪಟ್ಟಿಗೆ ಸೇರಲು 30 ದಿನ ಅಲ್ಲೇ ವಾಸವಿರಬೇಕು ಎಂದಿತು. ತೆರಿಗೆ ಕಟ್ಟುವ, ಇಂಗ್ಲಿಷ್ ಬಲ್ಲ, ಸ್ವಂತ ವಾಹನ ಇರುವವರಿಗೂ ಓಟಿನ ವಿಷಯದಲ್ಲಿ ಚಕ್ರ ಹೂತುಕೊಂಡಿತು.

ಶಾಲೆ, ಆಸ್ಪತ್ರೆಯದೂ ಇದೇ ಕಥೆ. ಮನೆಯಲ್ಲೇ ಪಾಠ ಹೇಳಿಕೊಡಲು ಟೆಕ್ಸಸ್‌ನಲ್ಲಿ ಕಟ್ಟಳೆ ಕಡಿಮೆ, ನ್ಯೂಯಾರ್ಕ್‌ನಲ್ಲಿ ಆಗಾಗ ವರದಿ ಒಪ್ಪಿಸಬೇಕು. ಆರೋಗ್ಯ ವಿಮೆ ಒಂದು ರಾಜ್ಯದಲ್ಲಿ ಮಾಡಿಸಿದರೆ ಇನ್ನೊಂದು ರಾಜ್ಯದ ಡಾಕ್ಟರಿಗೆ ಎಷ್ಟೋ ಸಲ ಒಪ್ಪಿಗೆಯಾಗುವುದಿಲ್ಲ. ಇನ್ನು ಎಳೆದುಕೊಂಡು ಹೋಗುವ ಟ್ರೇಲರ್ ಮನೆಯಾದರೆ, ಅದು ಓಡುವಾಗ ಒಳಗೆ ಮಂದಿ ಕೂರುವಂತಿಲ್ಲ ಅನ್ನುವ ಕಾನೂನು ಅನೇಕ ರಾಜ್ಯಗಳಲ್ಲಿದೆ. ಮಕ್ಕಳು ಮುಂದಿನ ಗಾಡಿಯಲ್ಲಿ ಬೆಲ್ಟ್ ಹಾಕಿಕೊಂಡು ಕೂರಬೇಕು.

ಅಲೆಯುವವರೆಲ್ಲ ಮೋಜಿಗೆ ಹೊರಟವರಲ್ಲ. 2008ರ ಆರ್ಥಿಕ ಕುಸಿತದ ನಂತರ ಮನೆ ಉಳಿಸಿಕೊಳ್ಳಲಾಗದೆ ವ್ಯಾನು, ಆರ್‌ವಿ ಸೇರಿದ ವಯಸ್ಸಾದವರ ಬಗ್ಗೆ ಪತ್ರಕರ್ತೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಪುಸ್ತಕ ಬರೆದರು. ಅಂಥವರು ಮಾಡುವ ಕೆಲಸಗಳಲ್ಲಿ ಒಂದು ನಮಗೆ ಹತ್ತಿರದ್ದು: ಸಕ್ಕರೆ. ಮಿನ್ನೆಸೋಟ, ನಾರ್ತ್ ಡಕೋಟಾ ಕಡೆ ಬೀಟ್‌ರೂಟ್ ಜಾತಿಯ ಬಿಳಿ ಗೆಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆ. ಅಕ್ಟೋಬರ್ ಬಂತೆಂದರೆ ಆರ್‌ವಿಗಳು ಅಲ್ಲಿ ಸಾಲುಗಟ್ಟುತ್ತವೆ. ಗೆಡ್ಡೆ ರಾಶಿ ಹಾಕುವಲ್ಲಿ 12 ತಾಸಿನ ಪಾಳಿ, ಕೆಸರು, ಚಳಿ. ಸುಖದ ಕೆಲಸವೇನಲ್ಲ. ಆದರೂ ಕೆಲಸಕ್ಕೆ ಕರೆಯುವವರೇ ವಾಹನ ನಿಲ್ಲಿಸಲು ಜಾಗ, ಕರೆಂಟು, ನೀರು, ಕೊಳೆನೀರಿನ ಪೈಪು ಒದಗಿಸುತ್ತಾರೆ. ಇಲ್ಲದಿದ್ದರೆ ಯಾರೂ ಬರುವುದಿಲ್ಲವಲ್ಲ.

ಈಗ ಅದೇ ಅಕ್ಟೋಬರ್ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆ ನೋಡಿ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ನಮ್ಮ ವಿಜಯಪುರ, ಕಲಬುರಗಿ ತಾಂಡಾಗಳಿಂದಲೂ ಮಂದಿ ಗಡಿಯಾಚೆ ಹೋಗುತ್ತಾರೆ. ಟ್ರ್ಯಾಲಿಯಲ್ಲಿ ಪಾತ್ರೆ, ಜೋಳದ ಚೀಲ, ಕೋಳಿ, ಹಾಸಿಗೆ, ಅದರ ಮೇಲೆ ಮಕ್ಕಳು. ಬೆಲ್ಟಿನ ಮಾತೇ ಇಲ್ಲ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಮುಂಗಡ ಕೊಟ್ಟಿರುತ್ತಾರೆ, ಅದು ತೀರುವ ತನಕ ಬಿಟ್ಟುಹೋಗುವ ಹಾಗಿಲ್ಲ. ಜೋಪಡಿ ಹಾಕಿದ ಬಯಲಿನಲ್ಲಿ ನೀರಿಗೆ ಯಾರದೋ ಬೋರು, ಕಕ್ಕಸಿಗೆ ಕತ್ತಲು.

ಈ ಸಂಸಾರಗಳನ್ನು ಆರ್‌ವಿಯವರ ಪಕ್ಕ ನಿಲ್ಲಿಸಿದರೆ ಸಾಮಾನು ಜೋಡಿಸುವುದರಲ್ಲಿ ನಮ್ಮವರೇ ಒಂದು ಕೈ ಮೇಲು. ಸೋಲುವುದು ಬೇರೆಯವರು ಕಟ್ಟಿಕೊಡಬೇಕಾದ ಕಡೆ.

ಕೆಲವು ಸಂಗತಿ ಕಾನೂನಿನಲ್ಲಿ ಈಗಾಗಲೇ ಇವೆ, ಗ್ಯಾಂಗಿನವರಿಗೆ ಹೇಳುವವರು ಕಡಿಮೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಆಹಾರ ಭದ್ರತಾ ಕಾಯ್ದೆಯ ಚೀಟಿ ಇದ್ದರೆ ಬೀಡ್‌ನವರು ಗೋಕಾಕದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಲ್ಲಿ ಉಳಿದ ಅತ್ತೆ ಮಾವ ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು. ಶಾಲೆಗೂ ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಬರುವುದು ತಡವಾಯಿತು ಅಂತ, ವರ್ಷದ ನಡುವೆ ಬಂದಿರಿ ಅಂತ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಮರಾಠಿ ಮಗು ಕನ್ನಡ ಶಾಲೆಯಲ್ಲಿ ಏನು ಕಲಿತೀತು ಎಂದು ಕೇಳುವವರಿದ್ದಾರೆ. ಬಿಸಿಯೂಟ ಉಂಡು, ಟ್ರ್ಯಾಲಿ ಗಾಲಿಯಿಂದ ದೂರ ಇದ್ದೀತು. ಅಷ್ಟಾದರೂ ಸಣ್ಣದಲ್ಲ.

ಉಳಿದದ್ದು ನೀರು ಮತ್ತು ಕಕ್ಕಸು. ಇದರ ಖರ್ಚು ಕಾರ್ಖಾನೆಯದು ಅನ್ನುವುದು ನನ್ನ ವಾದ. ಗ್ಯಾಂಗು ಬರುವುದು ಕಬ್ಬು ಅರೆಯಲೆಂದೇ ತಾನೆ? ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗೆ ಗೋಪಿನಾಥ ಮುಂಡೆ ಹೆಸರಿನ ಕಲ್ಯಾಣ ನಿಗಮ ಇದೆ, ಅದಕ್ಕೆ ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ಪಡೆಯುವ ನಿಯಮ ಮಾಡಿದ್ದಾರೆ. ಹಣ ಎಲ್ಲಿಂದ ಅನ್ನುವ ಪ್ರಶ್ನೆಗೆ ಅದು ಒಂದು ಉತ್ತರ. ಆದರೆ ನಿಗಮದ ಕಚೇರಿಗಿಂತ ಮೊದಲು ಜೋಪಡಿ ಬೀಳುವ ಬಯಲಿಗೆ ಒಂದು ಸಿಂಟೆಕ್ಸ್ ಟ್ಯಾಂಕು, ಬಾಗಿಲಿರುವ ನಾಲ್ಕು ಕಕ್ಕಸು, ರಾತ್ರಿ ಉರಿಯುವ ಎರಡು ಲೈಟು ಬೇಕು. ಗ್ಯಾಂಗು ಎಲ್ಲಿ ಇಳಿಯುತ್ತದೆ ಅನ್ನುವುದು ಪ್ರತಿ ವರ್ಷ ಊರಿಗೆ ಗೊತ್ತೇ ಇರುತ್ತದೆ. ಕಾರ್ಖಾನೆಯ ಕೃಷಿ ಅಧಿಕಾರಿ ಕಬ್ಬಿನ ಪಾಳಿ ಬರೆದುಕೊಳ್ಳಲು ಊರಿಗೆ ಬಂದಾಗ ಆ ಬಯಲಿನ ಹೆಸರನ್ನೂ ಬರೆಸಿ.